ನೆಲ ನೋಡಿ ಶೂ ಆರಿಸಿ



ಈ ಸಲದ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ಉಪಜಿಲ್ಲಾ ಕ್ರೀಡಾಕೂಟದ 3000 ಮೀಟರ್ ಓಟಕ್ಕೆ ಆಯ್ಕೆಯಾಗಿದ್ದ. ದಿನಾಲೂ ಗುಡ್ಡೆ ಹತ್ತಿ ಇಳಿದು ಶಾಲೆಗೆ ಬರುವ ಹುಡುಗ, ಒಳ್ಳೆಯ ದಮ್ಮು. ಅವನ ಅಭ್ಯಾಸವೆಲ್ಲ ಬರಿಗಾಲಿನಲ್ಲೇ. ಬೇರೆ ಶಾಲೆಯ ಮಕ್ಕಳೆಲ್ಲ ಶೂ ಹಾಕಿ ಬರುವಾಗ ಇವನೊಬ್ಬ ಬರಿಗಾಲಲ್ಲಿ ನಿಲ್ಲುವುದು ಬೇಡ ಅಂತ ನನಗೆ ಅನಿಸಿತು. ಕೂಟದ ಹಿಂದಿನ ಸಂಜೆ ಪೇಟೆಗೆ ಹೋಗಿ ಒಂದು ಜೊತೆ ಶೂ ತಂದೆ. ಅವನನ್ನು ಕರೆದುಕೊಂಡು ಹೋಗಿರಲಿಲ್ಲ. ಚಪ್ಪಲಿಯ ನಂಬರ್ ಕೇಳಿಕೊಂಡು, 'ಬೆಳೆಯುವ ಹುಡುಗ, ಇರಲಿ' ಎಂದು ಒಂದು ನಂಬರ್ ದೊಡ್ಡದೇ ತೆಗೆದುಕೊಂಡೆ. ಅಡಿಯಲ್ಲಿ ದಪ್ಪ ದಪ್ಪ ಹಲ್ಲುಗಳಿದ್ದವು. ಗಟ್ಟಿಮುಟ್ಟಾಗಿ ಕಂಡಿತು. ಭಾರವೂ ಇತ್ತು.

ಏಳೂವರೆ ಸುತ್ತಿನ ಓಟ. ನಾಲ್ಕು ಸುತ್ತಿನವರೆಗೆ ಮೂರನೆಯವನಾಗಿದ್ದ. ಐದನೇ ಸುತ್ತಿನಲ್ಲಿ ಕುಂಟಲು ಶುರು ಮಾಡಿದ. ಆರನೇ ಸುತ್ತಿಗೆ ಮೊದಲೇ ಟ್ರ್ಯಾಕ್ ಬಿಟ್ಟು ಬದಿಗೆ ಬಂದು ಕೂತ. "ಟೀಚರ್, ಕಾಲು ಉರೀತದೆ. ಇನ್ನು ಆಗ್ಲಿಕ್ಕಿಲ್ಲ" ಅಂದ. ಶೂ ಬಿಚ್ಚಿ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಅವನು ಒಂದು ಮಾತೂ ಆಡಲಿಲ್ಲ. ನನಗೇ ಅವನ ಮುಖ ನೋಡಲು ಆಗಲಿಲ್ಲ. ಯಾಕೆಂದರೆ ಅದೇ ವಾರ ನಾನು ಅದೇ ತರಗತಿಯಲ್ಲಿ ಘರ್ಷಣೆಯ ಪಾಠ ಮಾಡಿದ್ದೆ. ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಮೈದಾನದಲ್ಲಿ ಮರೆತಿದ್ದೆ.

ಹಾಗಾಗಿ ಇವತ್ತು ಆ ಪಾಠವನ್ನು ಪುನಃ ಮಾಡೋಣ, ಈ ಸಲ ಶೂ ಕೈಯಲ್ಲಿ ಹಿಡಿದುಕೊಂಡು. ಓಡುವವರಿಗೂ ಬೇಕು, ಓಡದವರಿಗೂ ಬೇಕು. ಪರೀಕ್ಷೆಗೆ ಬರುವ ಮೂರು ಪಾಠಗಳು ಇದರಲ್ಲಿ ಇವೆ.

ಶೂ ಅಂದರೆ ಏನೇನು?

ಒಂದು ಹಳೆಯ ಓಟದ ಶೂ ಸಿಕ್ಕಿದರೆ ತಿರುಗಿಸಿ ನೋಡಿ. ಮುಖ್ಯವಾಗಿ ಮೂರು ಪದರ ಕಾಣುತ್ತದೆ. ನೆಲಕ್ಕೆ ತಾಗುವ ಅಡಿಯ ಸೋಲ್, ಸಾಮಾನ್ಯವಾಗಿ ರಬ್ಬರಿನದು. ಅದರ ಮೇಲೆ ದಪ್ಪನೆಯ, ಬೆರಳಲ್ಲಿ ಒತ್ತಿದರೆ ತಗ್ಗುವ ನಡುವಿನ ಮೆತ್ತೆ. ಇದು ಹೆಚ್ಚಿನ ಶೂಗಳಲ್ಲಿ ಈವಿಎ ಎಂಬ ಪ್ಲಾಸ್ಟಿಕ್ ಫೋಮ್. ಇದರೊಳಗೆ ಸಾವಿರಾರು ಸಣ್ಣ ಗಾಳಿಗುಳ್ಳೆಗಳು. ಎಲ್ಲಕ್ಕಿಂತ ಮೇಲೆ ಪಾದವನ್ನು ಹಿಡಿದಿಡುವ ಬಟ್ಟೆ ಮತ್ತು ಲೇಸ್.

ಮೂರು ಪದರಕ್ಕೆ ಮೂರು ಕೆಲಸ. ಅಡಿಯದು ಹಿಡಿತ ಕೊಡಬೇಕು. ನಡುವಿನದು ಪೆಟ್ಟು ತಾಳಬೇಕು. ಮೇಲಿನದು ಪಾದ ಜಾರದಂತೆ, ಉಜ್ಜದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿಯೂ ಶೂ ಹಗುರವಾಗಿರಬೇಕು. ತೊಂದರೆ ಇರುವುದು ಇಲ್ಲೇ. ಹಿಡಿತ ಹೆಚ್ಚಬೇಕೆಂದು ದಪ್ಪ ಹಲ್ಲು ಇಟ್ಟರೆ ಭಾರ ಹೆಚ್ಚುತ್ತದೆ. ಭಾರ ಇಳಿಸಬೇಕೆಂದು ಮೆತ್ತೆ ತೆಳು ಮಾಡಿದರೆ ಪೆಟ್ಟು ಹೆಚ್ಚುತ್ತದೆ. ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ 'ಒಳ್ಳೆಯ ಶೂ ಯಾವುದು?' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 'ಯಾವ ನೆಲಕ್ಕೆ, ಯಾವ ಓಟಕ್ಕೆ?' ಎಂದು ಕೇಳಿದರೆ ಮಾತ್ರ ಉತ್ತರ ಉಂಟು.

ಮೊದಲ ಪಾಠ: ಹಿಡಿತ

ಅಡಿಕೆ ಹಾಳೆಯ ಮೇಲೆ ಕೂತು ಗೆಳೆಯರಿಂದ ಎಳೆಸಿಕೊಂಡು ಆಡಿದ್ದೀರಲ್ಲ? ಒಣಗಿದ ಅಂಗಳದಲ್ಲಿ ಎಳೆಯುವುದಕ್ಕೂ ಒದ್ದೆ ಹುಲ್ಲಿನ ಮೇಲೆ ಎಳೆಯುವುದಕ್ಕೂ ಎಷ್ಟು ವ್ಯತ್ಯಾಸ! ಹಾಳೆ ಅದೇ, ಕೂತವನೂ ಅವನೇ, ನೆಲ ಮಾತ್ರ ಬೇರೆ. ಘರ್ಷಣೆ ಎಂಬುದು ಒಂದು ವಸ್ತುವಿನ ಗುಣ ಅಲ್ಲ, ತಾಗುವ ಎರಡು ಮೇಲ್ಮೈಗಳ ನಡುವಿನ ಸಂಗತಿ. 'ಈ ಶೂವಿಗೆ ಒಳ್ಳೆಯ ಗ್ರಿಪ್ ಉಂಟು' ಎಂದು ಅಂಗಡಿಯವರು ಹೇಳಿದರೆ 'ಯಾವ ನೆಲದಲ್ಲಿ?' ಎಂದು ಕೇಳಬೇಕು.

ಓಡುವಾಗ ನಾವು ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ, ನೆಲ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ. ಆ ಮುಂದಕ್ಕೆ ತಳ್ಳುವ ಬಲವೇ ಘರ್ಷಣೆ. ಘರ್ಷಣೆ ಇಲ್ಲದಿದ್ದರೆ ಓಟವೇ ಇಲ್ಲ, ಇದ್ದಲ್ಲೇ ಕಾಲು ಜಾರಿಸುವುದಷ್ಟೇ.

ಅಡಿಯ ಸೋಲಿಗೆ ರಬ್ಬರ್ ಯಾಕೆ? ನಮ್ಮ ಗುಡ್ಡೆಗಳಲ್ಲಿ ಬೆಳಗ್ಗೆ ಬೇಗ ಟ್ಯಾಪಿಂಗ್‌ಗೆ ಹೋಗುವವರನ್ನು ನೋಡಿದ್ದೀರಿ. ಚಿಪ್ಪಿಗೆ ಇಳಿದ ರಬ್ಬರ್ ಹಾಲನ್ನು ಗಟ್ಟಿ ಮಾಡಿ ಶೀಟ್ ಮಾಡುತ್ತಾರೆ. ಆ ಕಚ್ಚಾ ರಬ್ಬರಿನಿಂದಲೇ ಸೋಲ್ ಮಾಡಿದರೆ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದಕ್ಕೆ ದಾರಿ ಕಂಡುಕೊಂಡ. ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಅದರ ಉದ್ದನೆಯ ಅಣುಗಳ ನಡುವೆ ಗಂಧಕದ ಕೊಂಡಿಗಳು ಬೀಳುತ್ತವೆ. ಆಗ ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇದೇ ವಲ್ಕನೀಕರಣ. ಹೀಗೆ ಹದಗೊಂಡ ರಬ್ಬರ್ ನೆಲದ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಸೋಲಿನ ಅಗ್ಗದ ಶೂ ಮಳೆಗಾಲದಲ್ಲಿ ಜಾರುವುದು ಇದಕ್ಕೇ. ಗಟ್ಟಿ ಪ್ಲಾಸ್ಟಿಕ್ಕಿಗೆ ಹಾಗೆ ಒತ್ತಿಕೊಳ್ಳಲು ಬರುವುದಿಲ್ಲ.

ಹಾಗಾದರೆ ಹಲ್ಲುಗಳು ಯಾಕೆ? ಕೆಸರು, ಸಡಿಲ ಮಣ್ಣು, ಹುಲ್ಲು ಇವು ಮೆತ್ತಗಿನ ನೆಲ. ಅಲ್ಲಿ ಹಲ್ಲು ಒಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಆದರೆ ಗಟ್ಟಿ ನೆಲದಲ್ಲಿ ಹಲ್ಲು ಒಳಗೆ ಇಳಿಯುವುದೇ ಇಲ್ಲ. ಹಲ್ಲಿನ ತುದಿ ಮಾತ್ರ ತಾಗುತ್ತದೆ, ಉಳಿದ ರಬ್ಬರ್ ಗಾಳಿಯಲ್ಲೇ ಇರುತ್ತದೆ. ನಮ್ಮ ಹುಡುಗನಿಗೆ ನಾನು ತಂದುಕೊಟ್ಟದ್ದು ಇಂಥ ಹಲ್ಲಿನ ಶೂ, ಓಡಿದ್ದು ಒಣಗಿ ಕಲ್ಲಿನಂತಾದ ಕೆಂಪು ಮಣ್ಣಿನ ಮೈದಾನದಲ್ಲಿ. ಇದು ಮೊದಲ ತಪ್ಪು.

ಎರಡನೇ ಪಾಠ: ಪೆಟ್ಟು

ಸಿಪ್ಪೆ ಇರುವ ತೆಂಗಿನಕಾಯಿ ಎತ್ತರದ ಮರದಿಂದ ಬಿದ್ದರೂ ಹೆಚ್ಚಾಗಿ ಒಡೆಯುವುದಿಲ್ಲ. ಸುಲಿದ ಕಾಯಿಯನ್ನು ಕಲ್ಲಿಗೆ ಹೊಡೆದರೆ ಎರಡು ಹೋಳು. ಯಾಕೆ? ಸಿಪ್ಪೆ ತಗ್ಗುತ್ತದೆ. ತಗ್ಗುವುದಕ್ಕೆ ಸ್ವಲ್ಪ ಸಮಯ ಬೇಕು. ಆ ಸಮಯವೇ ಕಾಯಿಯನ್ನು ಉಳಿಸುವುದು.

ಬಲ = ಸಂವೇಗದ ಬದಲಾವಣೆ ÷ ಸಮಯ

ಸಂವೇಗದ ಬದಲಾವಣೆ ಅಷ್ಟೇ ಇದ್ದರೂ ನಿಲ್ಲುವ ಸಮಯ ಹೆಚ್ಚಾದಷ್ಟು ಬಲ ಕಡಿಮೆ. ಒಂದು ಲೆಕ್ಕ ಮಾಡೋಣ. 45 ಕಿಲೋಗ್ರಾಂ ತೂಗುವ ಒಬ್ಬಳು ಓಡುವಾಗ ಪ್ರತಿ ಹೆಜ್ಜೆಗೆ ಸುಮಾರು 5 ಸೆಂಟಿಮೀಟರ್ ಎತ್ತರದಿಂದ ಇಳಿಯುತ್ತಾಳೆ ಎಂದಿಟ್ಟುಕೊಳ್ಳಿ. ನೆಲಕ್ಕೆ ತಾಗುವಾಗ ಕೆಳಮುಖ ವೇಗ ಸೆಕೆಂಡಿಗೆ 1 ಮೀಟರ್. ಸಂವೇಗ 45 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಇದು 0.03 ಸೆಕೆಂಡಿನಲ್ಲಿ ಸೊನ್ನೆಯಾದರೆ ಬಲ 1500 ನ್ಯೂಟನ್. 0.06 ಸೆಕೆಂಡಿನಲ್ಲಿ ಸೊನ್ನೆಯಾದರೆ 750 ನ್ಯೂಟನ್. ಸಮಯ ಎರಡು ಪಟ್ಟು, ಬಲ ಅರ್ಧ.

ಇದು ದೇಹವನ್ನು ಕಲ್ಲಿನ ಗುಂಡು ಎಂದು ಭಾವಿಸಿ ಮಾಡಿದ ಸರಳ ಲೆಕ್ಕ. ನಿಜವಾಗಿ ಮಂಡಿ ಬಾಗುತ್ತದೆ, ಸ್ನಾಯುಗಳು ಹಿಗ್ಗುತ್ತವೆ, ಅವೂ ಪೆಟ್ಟು ತಾಳುತ್ತವೆ. ಆದರೂ ಓಡುವಾಗ ಪ್ರತಿ ಹೆಜ್ಜೆಗೆ ನೆಲ ನಮ್ಮ ಮೇಲೆ ಹಾಕುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ಶೂವಿನ ನಡುವಿನ ಮೆತ್ತೆ ತೆಂಗಿನ ಸಿಪ್ಪೆಯ ಹಾಗೆ, ನಿಲ್ಲುವ ಸಮಯವನ್ನು ಸ್ವಲ್ಪ ಹಿಗ್ಗಿಸುತ್ತದೆ.

ಹಾಗಂತ ಮೆತ್ತೆ ದಪ್ಪ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಹಾಸಿಗೆಯ ಮೇಲೆ ನಿಂತು ಓಡಲು ನೋಡಿ, ಕಾಲು ಅಲುಗಾಡುತ್ತದೆ. ಮೆತ್ತೆ ವಿಪರೀತ ದಪ್ಪ ಇದ್ದರೆ ಕಲ್ಲುಮುಳ್ಳಿನ ದಾರಿಯಲ್ಲಿ ಪಾದ ಹೊರಳುವ ಅಪಾಯ ಹೆಚ್ಚು. ಸ್ಪರ್ಧೆಗಳಲ್ಲೂ ಇದಕ್ಕೆ ಮಿತಿ ಉಂಟು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಂತೆ ರಸ್ತೆ ಓಟದ ಶೂವಿನ ಸೋಲ್ 40 ಮಿಲಿಮೀಟರಿಗಿಂತ ದಪ್ಪ ಇರಬಾರದು. ಟ್ರ್ಯಾಕಿನ ಓಟಗಳಿಗೆ 20 ಮಿಲಿಮೀಟರ್ ಮಾತ್ರ.

ಮೂರನೇ ಪಾಠ: ಭಾರ

ಕೈಯಲ್ಲಿ ಹಿಡಿದಾಗ 100 ಗ್ರಾಂ ಏನೂ ಅಲ್ಲ, ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಕಾಲಿಗೆ ಕಟ್ಟಿದರೆ? 3000 ಮೀಟರ್ ಓಟದಲ್ಲಿ ಒಂದು ಹೆಜ್ಜೆ 1.2 ಮೀಟರ್ ಎಂದಿಟ್ಟುಕೊಂಡರೆ ಒಟ್ಟು 2500 ಹೆಜ್ಜೆ. ಪ್ರತಿ ಶೂ 100 ಗ್ರಾಂ ಹೆಚ್ಚು ಭಾರವಿದ್ದರೆ ಓಟ ಮುಗಿಯುವಾಗ ನೀವು 2500 × 0.1 = 250 ಕಿಲೋಗ್ರಾಂ ಹೆಚ್ಚಿಗೆ ಎತ್ತಿರುತ್ತೀರಿ. 50 ಕಿಲೋದ ಐದು ಅಕ್ಕಿ ಮೂಟೆ! ಒಂದೇ ಸಲ ಅಲ್ಲ, ಚೂರು ಚೂರಾಗಿ. ಪ್ರತಿ ಶೂವಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇಕಡಾ 1ರಷ್ಟು ಹೆಚ್ಚುತ್ತದೆ ಎಂದು ಅಳೆದು ನೋಡಿದ್ದಾರೆ.

ಶೇಕಡಾ 1 ಅಂದರೆ ಎಷ್ಟು ಮಹಾ ಅನ್ನಬೇಡಿ. ನಮ್ಮದೇ ಕೇರಳದ ಪಯ್ಯೋಳಿಯ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸ್‌ನಲ್ಲಿ 55.42 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು. ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಅದಕ್ಕೆ ಶೂ ಕಾರಣ ಎಂದು ನಾನು ಹೇಳುತ್ತಿಲ್ಲ. ಓಟದಲ್ಲಿ ಚಿಕ್ಕದು ಎಂಬುದಿಲ್ಲ, ಅಷ್ಟೇ.

ಯಾವ ಓಟಕ್ಕೆ ಎಂಥ ಶೂ?

ಈಗ ಮೂರೂ ಪಾಠಗಳನ್ನು ಒಟ್ಟಿಗೆ ಹಿಡಿದು ನಮ್ಮ ಊರಿನ ನೆಲಗಳ ಮೇಲೆ ಒಂದು ಸುತ್ತು ಹೋಗೋಣ.

ಟಾರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ದೂರದ ಓಟ: ನೆಲ ಗಟ್ಟಿ, ಸಮತಟ್ಟು. ನೆಲ ತಗ್ಗುವುದಿಲ್ಲ, ಹಾಗಾಗಿ ಶೂವೇ ತಗ್ಗಬೇಕು. ನಡುವಿನ ಮೆತ್ತೆ ಸಾಕಷ್ಟು ಇರಲಿ, ಅಡಿ ಚಪ್ಪಟೆಯಾಗಿರಲಿ, ಹಲ್ಲು ಬೇಡ. ಇನ್ನೊಂದು ಮಾತು: ಹೆದ್ದಾರಿಯಲ್ಲಿ ಅಭ್ಯಾಸ ಬೇಡವೇ ಬೇಡ. ಒಳರಸ್ತೆಯಲ್ಲಿ ಓಡುವುದಾದರೂ ಎದುರಿನಿಂದ ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ ಓಡಿ.

ಟ್ರ್ಯಾಕಿನಲ್ಲಿ 100, 200, 400 ಮೀಟರ್: ಇಲ್ಲಿ ಬೇಕಾದದ್ದು ಹಗುರ ಮತ್ತು ಹಿಡಿತ. ಕೆಲವೇ ಸೆಕೆಂಡುಗಳ ಓಟ, ಮೆತ್ತೆಯ ಮಾತು ಆಮೇಲೆ. ಇದಕ್ಕೇ ಸ್ಪೈಕ್ಸ್. ಅದರ ಹಿಂದಿನ ವಿಜ್ಞಾನ ನಿಮಗೆ ಗೊತ್ತಿರುವುದೇ: ಒತ್ತಡ = ಬಲ ÷ ವಿಸ್ತೀರ್ಣ. 45 ಕಿಲೋಗ್ರಾಂ ದೇಹದ ತೂಕ ಸುಮಾರು 450 ನ್ಯೂಟನ್. 100 ಚದರ ಸೆಂಟಿಮೀಟರ್ ಸೋಲಿನ ಮೇಲೆ ನಿಂತರೆ ಒತ್ತಡ 45,000 ಪಾಸ್ಕಲ್. ಅದೇ ತೂಕ ತಲಾ 3 ಚದರ ಮಿಲಿಮೀಟರ್ ತುದಿಯ ಆರು ಮೊಳೆಗಳ ಮೇಲೆ ಬಿದ್ದರೆ 2,50,00,000 ಪಾಸ್ಕಲ್. ಐನೂರು ಪಟ್ಟಿಗಿಂತ ಹೆಚ್ಚು! ಮೊಳೆ ಟ್ರ್ಯಾಕಿನೊಳಗೆ ಕಚ್ಚುವುದು ಹೀಗೆ. ಆದರೆ ಸಿಮೆಂಟ್ ನೆಲದ ಮೇಲೆ ಸ್ಪೈಕ್ಸ್ ಹಾಕಿ ನಡೆಯಬಾರದು. ಮೊಳೆ ಇಳಿಯುವುದಿಲ್ಲ, ನೀವು ಜಾರಿ ಬೀಳುತ್ತೀರಿ. ಈಗಷ್ಟೇ ಓಡಲು ಶುರು ಮಾಡಿದವರಿಗೆ ಸ್ಪೈಕ್ಸ್ ಬೇಕಾಗಿಯೂ ಇಲ್ಲ.

ಶಾಲಾ ಮೈದಾನದಲ್ಲಿ 800, 1500, 3000 ಮೀಟರ್: ನಮ್ಮ ಹೆಚ್ಚಿನ ಮೈದಾನಗಳು ಕೆಂಪು ಮಣ್ಣಿನವು. ಒಣಗಿದಾಗ ಗಟ್ಟಿ, ಮೇಲೆ ಒಂದಿಷ್ಟು ಸಣ್ಣ ಜಲ್ಲಿ. ಇದಕ್ಕೆ ಹಗುರವಾದ, ಮಧ್ಯಮ ಮೆತ್ತೆಯ, ಸಣ್ಣ ಸಣ್ಣ ಗೀರುಗಳಿರುವ ರಬ್ಬರ್ ಸೋಲಿನ ಸಾದಾ ಶೂ ಸಾಕು. ಎರಡು ಮೂರು ಬಗೆಯ ಓಟ ಓಡುವವರು ಒಂದೇ ಜೊತೆ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ.

ಗುಡ್ಡೆ, ಕಾಡುದಾರಿ, ಕ್ರಾಸ್ ಕಂಟ್ರಿ: ಇಲ್ಲಿ ಹಲ್ಲಿನ ಶೂವಿಗೆ ಬೆಲೆ. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ, ಇಳಿಜಾರಿನಲ್ಲಿ ಅದು ಕಚ್ಚಿಕೊಳ್ಳುತ್ತದೆ. ಹಲ್ಲುಗಳ ನಡುವೆ ಜಾಗ ಇರಬೇಕು, ಇಲ್ಲದಿದ್ದರೆ ಕೆಸರು ತುಂಬಿಕೊಂಡು ಹಲ್ಲೇ ಇಲ್ಲದಂತಾಗುತ್ತದೆ. ಆದರೆ ನಮ್ಮ ಗುಡ್ಡೆಗಳಲ್ಲಿ ಇನ್ನೊಂದು ನೆಲ ಉಂಟು: ಮುರಕಲ್ಲಿನ ಪಾದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಮಳೆಗಾಲದಲ್ಲಿ ಪಾದೆಯ ಮೇಲೆ ಪಾಚಿ ಕಟ್ಟುತ್ತದೆ. ಪಾಚಿ ಮತ್ತು ನೀರು ರಬ್ಬರಿಗೂ ಕಲ್ಲಿಗೂ ನಡುವೆ ನುಸುಳಿ ಎಣ್ಣೆಯಂತೆ ಕೆಲಸ ಮಾಡುತ್ತವೆ. ಅಲ್ಲಿ ಎಷ್ಟು ದುಬಾರಿ ಶೂ ಹಾಕಿದರೂ ಓಡಬೇಡಿ, ನಡೆಯಿರಿ.

ಸಮುದ್ರದ ಬದಿ: ಒಣ ಹೊಯಿಗೆಯಲ್ಲಿ ಓಡುವುದು ಕಷ್ಟ. ನೀವು ಹಿಂದಕ್ಕೆ ತಳ್ಳಿದಾಗ ಹೊಯಿಗೆಯೇ ಸರಿದು ಹೋಗುತ್ತದೆ, ನಿಮ್ಮ ಶಕ್ತಿ ಅದನ್ನು ಸರಿಸುವುದಕ್ಕೆ ಖರ್ಚಾಗುತ್ತದೆ. ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. ಕಾಲು ಗಟ್ಟಿಯಾಗಲು ಇದು ಒಳ್ಳೆಯ ಅಭ್ಯಾಸ. ಉಷಾ ಕೂಡ ಪಯ್ಯೋಳಿಯ ಕಡಲತೀರದಲ್ಲಿ ಓಡಿ ಅಭ್ಯಾಸ ಮಾಡಿದವರು. ನೀರು ತಾಗಿ ಗಟ್ಟಿಯಾದ ಹೊಯಿಗೆಯಲ್ಲಿ, ಗಾಜು ಚೂರು ಇಲ್ಲ ಎಂದು ನೋಡಿಕೊಂಡು, ಬರಿಗಾಲಲ್ಲೇ ಓಡಬಹುದು. ಶೂವಿನೊಳಗೆ ಹೊಯಿಗೆ ಹೊಕ್ಕರೆ ಅದು ಮರಳುಕಾಗದದಂತೆ ಚರ್ಮ ಉಜ್ಜುತ್ತದೆ.

ಅಳತೆ: ನಾನು ಮಾಡಿದ ಎರಡನೇ ತಪ್ಪು

'ಒಂದು ನಂಬರ್ ದೊಡ್ಡದು' ಅಂದರೆ ಎಷ್ಟು? ನಮ್ಮ ಅಂಗಡಿಗಳಲ್ಲಿ ಇರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಅಷ್ಟು ಜಾಗದಲ್ಲಿ ಪಾದ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಜಾರುತ್ತದೆ. ಜಾರುವಾಗ ಹಿಮ್ಮಡಿ ಉಜ್ಜುತ್ತದೆ. ಚರ್ಮದ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಅದೇ ಗುಳ್ಳೆ. ನೋಡಿ, ಶೂವಿಗೂ ನೆಲಕ್ಕೂ ನಡುವೆ ಬೇಕಾದ ಘರ್ಷಣೆ, ಶೂವಿಗೂ ಚರ್ಮಕ್ಕೂ ನಡುವೆ ಶತ್ರು.

ಅಂಗಡಿಗೆ ಹೋಗುವಾಗ ಇಷ್ಟು ನೆನಪಿಡಿ:

1. ಸಂಜೆ ಹೋಗಿ. ದಿನವಿಡೀ ನಡೆದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಓಡುವಾಗಲೂ ಹಾಗೆಯೇ ಊದುತ್ತದೆ.

2. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ.

3. ಎರಡೂ ಪಾದ ಒಂದೇ ಅಳತೆ ಇರಬೇಕೆಂದಿಲ್ಲ. ದೊಡ್ಡ ಪಾದಕ್ಕೆ ಸರಿಯಾದ ನಂಬರ್ ತೆಗೆದುಕೊಳ್ಳಿ.

4. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ. ಹಿಮ್ಮಡಿ ಮಾತ್ರ ಜಾರಬಾರದು.

5. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ. ನಾಚಿಕೆ ಬೇಡ. ಎಲ್ಲಾದರೂ ಚುಚ್ಚಿದರೆ 'ಹಾಕ್ತಾ ಹಾಕ್ತಾ ಸರಿಯಾಗ್ತದೆ' ಎಂಬ ಮಾತು ನಂಬಬೇಡಿ.

ಒದ್ದೆ ಕಾಲಿನ ಅಚ್ಚು ನೋಡಿ, ಪಾದ ಚಪ್ಪಟೆಯೋ ಕಮಾನೋ ಎಂದು ತಿಳಿದು ಅದಕ್ಕೆ ತಕ್ಕ ಶೂ ಆರಿಸಿ ಎಂದು ಕೆಲವರು ಹೇಳುತ್ತಾರೆ. ಅಮೆರಿಕದ ಸೇನೆಗೆ ಹೊಸದಾಗಿ ಸೇರಿದವರ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಾಗೆ ಆರಿಸಿ ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡಾಗ ಹಿತವಾಗಿ ಇದೆಯೇ ಎಂಬುದೇ ನಿಮಗೆ ಒಳ್ಳೆಯ ಅಳತೆಗೋಲು.

ಹೊಸತು: ನನ್ನ ಮೂರನೇ ತಪ್ಪು

ಹೊಸ ಶೂ ಹಾಕಿ ಸ್ಪರ್ಧೆಗೆ ಹೋಗಬಾರದು. ಕಡಿಮೆಯೆಂದರೆ ಎರಡು ಮೂರು ವಾರ ಅದರಲ್ಲೇ ಅಭ್ಯಾಸ ಮಾಡಿರಬೇಕು. ಮೊದಲು ನಡಿಗೆ, ಆಮೇಲೆ ಸಣ್ಣ ಓಟ, ಆಮೇಲೆ ಉದ್ದದ ಓಟ. ಬರಿಗಾಲಲ್ಲಿ ಓಡಿ ಅಭ್ಯಾಸವಾದವರು ಪಾದದ ಮುಂಭಾಗವನ್ನು ಮೊದಲು ಊರುವುದು ಹೆಚ್ಚು. ದಪ್ಪ ಶೂ ಹಾಕಿದಾಗ ಹಿಮ್ಮಡಿ ಮೊದಲು ಊರುವುದು ಹೆಚ್ಚು. ಓಡುವ ರೀತಿಯೇ ಬದಲಾಗುತ್ತದೆ. ಸ್ನಾಯುಗಳಿಗೆ ಇದನ್ನು ಕಲಿಯಲು ದಿನ ಬೇಕು. ಒಂದು ರಾತ್ರಿಯಲ್ಲಿ ಆಗುವುದಲ್ಲ.

ಶೂ ಇಲ್ಲದಿದ್ದರೆ?

ನಿಮ್ಮಲ್ಲಿ ಕೆಲವರು ಇಷ್ಟು ಓದಿ 'ಟೀಚರ್, ನಮಗೆ ಶೂ ತೆಗೆದುಕೊಳ್ಳಲು ಆಗುವುದಿಲ್ಲ' ಎಂದುಕೊಂಡಿರಬಹುದು. ನಿಮಗಾಗಿ ಒಂದು ಸಂಗತಿ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಓಟವನ್ನು ಬರಿಗಾಲಲ್ಲಿ ಓಡಿ ಗೆದ್ದ. 42 ಕಿಲೋಮೀಟರಿಗೂ ಹೆಚ್ಚು ದೂರ, 2 ಗಂಟೆ 15 ನಿಮಿಷ 16 ಸೆಕೆಂಡ್. ಅಲ್ಲಿ ಸಿಕ್ಕಿದ ಹೊಸ ಶೂ ಕಾಲಿಗೆ ಹೊಂದಲಿಲ್ಲ, ಹಾಗಾಗಿ ಅಭ್ಯಾಸವಿದ್ದ ಬರಿಗಾಲೇ ಸಾಕೆಂದ ಎನ್ನುತ್ತಾರೆ. ಅವನೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಓಡಿ, ಇನ್ನೂ ಮೂರು ನಿಮಿಷ ಬೇಗ ಮುಗಿಸಿ ಪುನಃ ಗೆದ್ದ. ಶೂ ಇಲ್ಲದೆ ಗೆಲ್ಲಬಹುದು, ಶೂ ಹಾಕಿಯೂ ಗೆಲ್ಲಬಹುದು. ಹೊಂದದ ಶೂ ಮಾತ್ರ ಬೇಡ ಎಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಬರಿಗಾಲಲ್ಲಿ ಓಡುವವರು ಮೂರು ವಿಷಯ ನೋಡಿಕೊಳ್ಳಿ: ಗಾಜು ಮತ್ತು ಮೊಳೆ, ಮಧ್ಯಾಹ್ನ ಕಾದ ಟಾರು, ಮತ್ತು ಹೊಲಸು ಇರುವ ಒದ್ದೆ ಮಣ್ಣು. ಕೊಕ್ಕೆಹುಳುವಿನ ಮರಿ ಪಾದದ ಚರ್ಮದ ಮೂಲಕವೇ ದೇಹದೊಳಗೆ ಸೇರುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದುತ್ತೀರಿ. ಓಡಿದ ಮೇಲೆ ಸೋಪು ಹಾಕಿ ಕಾಲು ತೊಳೆಯಿರಿ.

ಇದ್ದ ಶೂವನ್ನು ಉಳಿಸಿಕೊಳ್ಳಿ. ಒದ್ದೆಯಾದರೆ ಒಲೆಯ ಬದಿಯಲ್ಲಿ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ ಗಾಳಿಯಾಡುವಲ್ಲಿ ಇಡಿ, ಪೇಪರ್ ಒದ್ದೆಯಾದಂತೆ ಬದಲಿಸಿ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಅಷ್ಟರಲ್ಲಿ ಮೆತ್ತೆಯೊಳಗಿನ ಗಾಳಿಗುಳ್ಳೆಗಳು ಚಪ್ಪಟೆಯಾಗಿರುತ್ತವೆ. ಹೊರಗಿನಿಂದ ಹೊಸತರಂತೆ ಕಂಡರೂ ಬೆರಳಲ್ಲಿ ಒತ್ತಿದರೆ ತಗ್ಗುವುದಿಲ್ಲ. ಅಣ್ಣನ ಹಳೆ ಶೂ ಹಾಕುವ ಮೊದಲು ಹೀಗೆ ಒತ್ತಿ ನೋಡಿ.

ಮಾಡಿ ನೋಡಿ

ಬೇಕಾದದ್ದು: ಒಂದು ಮೀಟರ್ ಉದ್ದದ ಹಲಗೆ, ಅಳತೆಪಟ್ಟಿ, ಬೇರೆ ಬೇರೆ ಬಗೆಯ ನಾಲ್ಕು ಶೂ ಅಥವಾ ಚಪ್ಪಲಿ, ಸ್ವಲ್ಪ ನೀರು.

ಹಲಗೆಯ ಒಂದು ತುದಿಯ ಬಳಿ ಶೂ ಇಡಿ. ಆ ತುದಿಯನ್ನು ನಿಧಾನ ಎತ್ತುತ್ತಾ ಹೋಗಿ. ಶೂ ಜಾರಲು ಶುರುವಾದ ಕೂಡಲೇ ನಿಲ್ಲಿಸಿ. ಎತ್ತಿದ ತುದಿಯ ಎತ್ತರವನ್ನೂ, ಅದರ ನೇರ ಕೆಳಗಿನಿಂದ ಇನ್ನೊಂದು ತುದಿಯವರೆಗಿನ ನೆಲದ ದೂರವನ್ನೂ ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಸಿಗುವುದೇ ಆ ಶೂವಿಗೂ ಆ ಹಲಗೆಗೂ ನಡುವಿನ ಸ್ಥಿತಿ ಘರ್ಷಣೆಯ ಗುಣಾಂಕ. ಉದಾಹರಣೆಗೆ ಎತ್ತರ 60 ಸೆಂಟಿಮೀಟರ್, ದೂರ 80 ಸೆಂಟಿಮೀಟರ್ ಆದರೆ 0.75. ಒಣ ಹಲಗೆಯಲ್ಲಿ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ಮಾಡಿ. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಆಮೇಲೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

1. ಒದ್ದೆಯಾದಾಗ ಯಾವ ಶೂವಿನ ಗುಣಾಂಕ ಅತಿ ಹೆಚ್ಚು ಇಳಿಯಿತು? ಅದರ ಸೋಲ್ ಯಾವುದರದ್ದು?

2. ಶೂವಿನೊಳಗೆ ಒಂದು ಕಲ್ಲು ಇಟ್ಟು ಭಾರ ಹೆಚ್ಚಿಸಿದರೆ ಜಾರುವ ಎತ್ತರ ಬದಲಾಗುತ್ತದೆಯೇ? ಮೊದಲು ಊಹಿಸಿ, ಆಮೇಲೆ ಮಾಡಿ.

3. ಹಲ್ಲಿನ ಶೂ ಹಲಗೆಯ ಮೇಲೆ ಬೇಗ ಜಾರಿದರೂ ಕೆಸರಿನಲ್ಲಿ ಯಾಕೆ ನಿಲ್ಲುತ್ತದೆ?

4. 50 ಕಿಲೋಗ್ರಾಂ ತೂಗುವ ಓಟಗಾರ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೆಲಕ್ಕೆ ಇಳಿದು 0.05 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ ಎಷ್ಟು?

ಕೊನೆಗೆ

ಆ ಹುಡುಗ ಈಗ ಹತ್ತನೇ ತರಗತಿ. ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ. "ಬರೀರಿ ಟೀಚರ್, ಹೆಸರು ಮಾತ್ರ ಬೇಡ" ಅಂದ. ಈ ವರ್ಷ ಬೇಸಗೆ ರಜೆ ಮುಗಿದ ಕೂಡಲೇ ಅವನನ್ನೇ ಕರೆದುಕೊಂಡು ಅಂಗಡಿಗೆ ಹೋದೆ. ಅವನೇ ಸೋಲ್ ಬಗ್ಗಿಸಿ, ಒತ್ತಿ, ನಾಲ್ಕು ಹೆಜ್ಜೆ ಓಡಿ ನೋಡಿ ಆರಿಸಿದ. ಅವನು ಆರಿಸಿದ್ದು ನಾನು ಕಳೆದ ಸಲ ತಂದದ್ದಕ್ಕಿಂತ ಅಗ್ಗದ್ದು, ಹಗುರದ್ದು. ವಾರಕ್ಕೆ ಮೂರು ದಿನ ಶೂವಿನಲ್ಲಿ, ಉಳಿದ ದಿನ ಬರಿಗಾಲಲ್ಲಿ ಅಭ್ಯಾಸ ಮಾಡಿದ. ಉಪಜಿಲ್ಲಾ ಕೂಟದಲ್ಲಿ ನಾಲ್ಕನೆಯವನಾದ. ಪದಕ ಸಿಗಲಿಲ್ಲ. ಏಳೂವರೆ ಸುತ್ತು ಪೂರ್ತಿ ಓಡಿದ. ಬಂದು ಕೂತು ಶೂ ಬಿಚ್ಚಿ ಹಿಮ್ಮಡಿ ತೋರಿಸಿದ. ಒಂದು ಗುಳ್ಳೆಯೂ ಇರಲಿಲ್ಲ.

ನಿಮ್ಮ ಶಾಲೆಯ ಮೈದಾನ ಎಂಥದ್ದು? ಹಲಗೆಯ ಪ್ರಯೋಗದಲ್ಲಿ ಏನು ಸಿಕ್ಕಿತು? ಒಂದು ಹಾಳೆಯಲ್ಲಿ ಬರೆದು ನಿಮ್ಮ ವಿಜ್ಞಾನ ಅಧ್ಯಾಪಕರ ಕೈಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.